ಹದಿನೈದು ಅಕ್ಷರ, ಐದು ತುಂಡು: ಫ್ರೆಂಚಿನ ‘ಇದ್ರೊಎಲೆಕ್ತ್ರಿಕ್’ ಪದವನ್ನು ಒಡೆದು ಓದುವ ಬಗೆ

ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ವಲಸೆ ಪದ್ಧತಿಯಲ್ಲಿ 2023ರಿಂದ ಫ್ರೆಂಚ್ ಬಲ್ಲವರಿಗೆಂದೇ ಬೇರೆ ಸುತ್ತುಗಳು ನಡೆಯುತ್ತಿವೆ. ಅಲ್ಲಿಂದೀಚೆಗೆ ಎಂಜಿನಿಯರಿಂಗ್ ಓದಿ ಕೆಲಸದಲ್ಲಿರುವ ಎಷ್ಟೋ ಕನ್ನಡಿಗರು ಟಿಇಎಫ್, ಟಿಸಿಎಫ್ ಪರೀಕ್ಷೆಗಳಿಗಾಗಿ ಫ್ರೆಂಚನ್ನು ಮೊದಲಿನಿಂದ ಕಲಿಯಲು ಕೂತಿದ್ದಾರೆ. ಕ್ರಿಯಾಪದಗಳ ರೂಪ ಬಾಯಿಪಾಠವಾಗುತ್ತದೆ, ಲಿಂಗವೂ ನಿಧಾನಕ್ಕೆ ಹಿಡಿತಕ್ಕೆ ಬರುತ್ತದೆ. ಆದರೆ ತಮ್ಮದೇ ಕಸುಬಿನ ಪದ ಎದುರಾದಾಗ ನಾಲಿಗೆ ದಾರಿ ತಪ್ಪುತ್ತದೆ. ಪದ ಇಂಗ್ಲಿಷಿನಂತೆಯೇ ಕಾಣುವುದರಿಂದ ಬಾಯಿ ಇಂಗ್ಲಿಷಿನ ಹಾದಿ ಹಿಡಿಯುತ್ತದೆ.

ಅಂಥ ಒಂದೇ ಒಂದು ಪದವನ್ನು ಇಲ್ಲಿ ಪೂರ್ತಿ ಬಿಚ್ಚಿ ನೋಡೋಣ. ಜಲವಿದ್ಯುತ್ತಿಗೆ ಸಂಬಂಧಿಸಿದ್ದು ಎಂಬ ಅರ್ಥದ ಗುಣವಾಚಕ ಅದು. ಇಂಗ್ಲಿಷಿನಲ್ಲಿ ನಾವು ಹೈಡ್ರೋಎಲೆಕ್ಟ್ರಿಕ್ ಎನ್ನುವುದನ್ನು ಫ್ರೆಂಚರು ಇದ್ರೊಎಲೆಕ್ತ್ರಿಕ್ ಎನ್ನುತ್ತಾರೆ.

## ಕಾಗದದ ಮೇಲೆ ಏನಿದೆ

ಮೊದಲು ಒಂದು ಒಪ್ಪಂದ. ಈ ಬರಹದಲ್ಲಿ ಉದ್ಧರಣ ಚಿಹ್ನೆಯೊಳಗೆ ಒಂಟಿಯಾಗಿ ನಿಂತದ್ದು ರೋಮನ್ ಅಕ್ಷರದ ಹೆಸರು, ನಾವು ಎಬಿಸಿಡಿ ಎಂದು ಕಲಿತ ಹೆಸರು. ಚಿಹ್ನೆಯಿಲ್ಲದೆ ಬರೆದದ್ದು ಬಾಯಿಂದ ಹೊರಡುವ ಉಚ್ಚಾರ.

ನಮ್ಮ ಪದದಲ್ಲಿರುವ ಅಕ್ಷರಗಳು ಸಾಲಾಗಿ ಹೀಗಿವೆ: ‘ಎಚ್’, ‘ವೈ’, ‘ಡಿ’, ‘ಆರ್’, ‘ಓ’, ತಲೆಯ ಮೇಲೆ ಬಲಕ್ಕೆ ಏರುವ ಗೆರೆಯುಳ್ಳ ‘ಇ’, ‘ಎಲ್’, ಬರಿಯ ‘ಇ’, ‘ಸಿ’, ‘ಟಿ’, ‘ಆರ್’, ‘ಐ’, ‘ಕ್ಯೂ’, ‘ಯು’, ಮತ್ತೆ ಬರಿಯ ‘ಇ’. ಒಟ್ಟು ಹದಿನೈದು. ಕಿವಿಗೆ ಬೀಳುವ ಧ್ವನಿಗಳು ಹನ್ನೆರಡೇ. ಮೊದಲ ‘ಎಚ್’ ಮೂಕ, ಕೊನೆಯ ‘ಇ’ಯೂ ಮೂಕ, ‘ಕ್ಯೂ’ ಮತ್ತು ‘ಯು’ ಸೇರಿ ಒಂದೇ ಕ್ ಆಗುತ್ತವೆ.

ಪುಲ್ಲಿಂಗಕ್ಕೂ ಸ್ತ್ರೀಲಿಂಗಕ್ಕೂ ಇದೇ ರೂಪ. ಬಹುವಚನದಲ್ಲಿ ಕೊನೆಗೆ ‘ಎಸ್’ ಬರೆಯುತ್ತಾರೆ, ಉಚ್ಚಾರ ಬದಲಾಗುವುದಿಲ್ಲ. ಗುಣವಾಚಕ ನಾಮಪದದ ಹಿಂದಿನಿಂದ ಬರುತ್ತದೆ: ಜಲವಿದ್ಯುದಾಗಾರ ಎನ್ನಲು ಸಾಂತ್ರಾಲ್ ಇದ್ರೊಎಲೆಕ್ತ್ರಿಕ್.

ಹಳೆಯ ಪುಸ್ತಕಗಳಲ್ಲಿ ಇದ್ರೊ ಮತ್ತು ಎಲೆಕ್ತ್ರಿಕ್ ನಡುವೆ ಅಡ್ಡಗೆರೆ ಹಾಕಿದ ರೂಪವೂ ಸಿಗುತ್ತದೆ. ಈಗ ಕೂಡಿಸಿ ಬರೆಯುವುದೇ ರೂಢಿ. 1990ರ ಫ್ರೆಂಚ್ ಕಾಗುಣಿತ ತಿದ್ದುಪಡಿಯೂ ಗ್ರೀಕ್ ಮೂಲದ ತುಂಡುಗಳಿಂದಾದ ಇಂಥ ಪದಗಳನ್ನು ಕೂಡಿಸಿಯೇ ಬರೆಯಿರಿ ಎಂದಿತು.

## ಉಚ್ಚಾರಾಂಶ ಎಂದರೆ ಏನು

ಒಂದು ಸ್ವರ, ಅದನ್ನು ಅಂಟಿಕೊಂಡ ವ್ಯಂಜನಗಳು, ಇಷ್ಟೂ ಒಂದೇ ತಳ್ಳಿಗೆ ಬಾಯಿಂದ ಹೊರಬಂದರೆ ಅದು ಒಂದು ಉಚ್ಚಾರಾಂಶ. ಸ್ವರಕ್ಕೇ ಕೊನೆಯಾದರೆ ತೆರೆದ ತುಂಡು, ವ್ಯಂಜನಕ್ಕೆ ಕೊನೆಯಾದರೆ ಮುಚ್ಚಿದ ತುಂಡು.

ಕನ್ನಡದ ಲಿಪಿ ಈ ವಿಷಯವನ್ನು ಸ್ವಲ್ಪ ಮರೆಮಾಚುತ್ತದೆ. ಪತ್ರ ಎಂಬುದನ್ನು ನಾವು ಪ, ತ್ರ ಎಂದು ಬರೆಯುತ್ತೇವೆ. ಆದರೆ ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕುವಾಗ ಪ ಗುರುವೋ ಲಘುವೋ ಎಂದು ಕೇಳಿದರೆ, ಮುಂದೆ ಒತ್ತಕ್ಷರವಿದೆ, ಆದ್ದರಿಂದ ಗುರು ಎಂದು ಉತ್ತರಿಸುತ್ತಿದ್ದೆವು. ಹಾಗೇಕೆ? ಉಚ್ಚರಿಸುವಾಗ ತ್ ಹಿಂದಕ್ಕೆ ವಾಲಿ ಪತ್ ಎಂದು ತುಂಡನ್ನು ಮುಚ್ಚುತ್ತದೆ. ಲಿಪಿ ಪ-ತ್ರ ಎಂದರೂ ಕಿವಿ ಕೇಳುವುದು ಪತ್-ರ.

ಫ್ರೆಂಚಿನಲ್ಲಿ ತ್ ಮತ್ತು ರ್ ಹೀಗೆ ಬೇರೆಯಾಗುವುದಿಲ್ಲ. ಒಡೆಯ ಎಂಬ ಅರ್ಥದ ಪಾತ್ರೋಂ ಎಂಬ ಪದದಲ್ಲಿ ಮೊದಲ ತುಂಡು ಬರೀ ಪಾ, ಎರಡನೆಯದು ತ್ರೋಂ. ತ್ ಹಿಂದಕ್ಕೆ ವಾಲುವುದೇ ಇಲ್ಲ. ಹಳಗನ್ನಡ ಓದಿದವರಿಗೆ ಶಿಥಿಲದ್ವಿತ್ವದ ನೆನಪಾದೀತು. ಅಮರ್ದು ಎಂಬಂಥ ಪದದಲ್ಲಿ ಒತ್ತಿದ್ದರೂ ಅದನ್ನು ತೇಲಿಸಿ ಉಚ್ಚರಿಸುವುದರಿಂದ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ಅಲ್ಲಿ ರ್ ಮೊದಲು ಬರುತ್ತದೆ, ಫ್ರೆಂಚಿನಲ್ಲಿ ಎರಡನೆಯದಾಗಿ ಬರುತ್ತದೆ. ಆದರೆ ಹಿಂದಿನ ತುಂಡಿನ ಮೇಲೆ ಭಾರ ಬೀಳುವುದಿಲ್ಲ ಎಂಬುದು ಎರಡು ಕಡೆಯೂ ಒಂದೇ.

## ಎಲ್ಲಿ ಕತ್ತರಿಸಬೇಕು

ಮೂರು ಸೂತ್ರ ಸಾಕು.

ಎರಡು ಸ್ವರಗಳ ನಡುವೆ ಒಂದೇ ವ್ಯಂಜನವಿದ್ದರೆ ಅದು ಮುಂದಿನ ಸ್ವರದ ಪಾಲು. ಎರಡು ವ್ಯಂಜನಗಳಿದ್ದರೆ ಒಂದು ಹಿಂದಕ್ಕೆ, ಒಂದು ಮುಂದಕ್ಕೆ. ಆದರೆ ಎರಡನೆಯದು ‘ಆರ್’ ಅಥವಾ ‘ಎಲ್’ ಆಗಿದ್ದು ಮೊದಲನೆಯದು ‘ಬಿ’, ‘ಸಿ’, ‘ಎಫ್’, ‘ಜಿ’, ‘ಪಿ’ ಇವುಗಳಲ್ಲೊಂದಾಗಿದ್ದರೆ ಜೋಡಿ ಬಿಡಿಸುವಂತಿಲ್ಲ. ‘ಡಿ’, ‘ಟಿ’, ‘ವಿ’ಗಳು ‘ಆರ್’ ಜೊತೆ ಹೀಗೆಯೇ ಅಂಟಿರುತ್ತವೆ. ‘ಪಿಎಚ್’, ‘ಸಿಎಚ್’, ‘ಟಿಎಚ್’, ‘ಜಿಎನ್’, ‘ಕ್ಯೂಯು’ ಇವು ಬರಹದಲ್ಲಿ ಎರಡಾದರೂ ಲೆಕ್ಕಕ್ಕೆ ಒಂದೇ ವ್ಯಂಜನ.

ಈಗ ಕತ್ತರಿ ಹಿಡಿಯೋಣ. ‘ವೈ’ ಇಲ್ಲಿ ಸ್ವರ, ಉಚ್ಚಾರ ಇ. ಅದರ ಮುಂದಿರುವ ‘ಡಿ’, ‘ಆರ್’ ಬಿಡಿಸಲಾಗದ ಜೋಡಿ, ಹಾಗಾಗಿ ಇದ್-ರೊ ಅಲ್ಲ, ಇ-ದ್ರೊ. ಮುಂದೆ ‘ಓ’, ಅದರ ಬೆನ್ನಿಗೇ ಗೆರೆಯುಳ್ಳ ‘ಇ’, ನಡುವೆ ವ್ಯಂಜನವಿಲ್ಲ. ಎರಡೂ ಬೇರೆ ಬೇರೆ ತುಂಡಿಗೆ ಸೇರುತ್ತವೆ: ದ್ರೊ-ಎ. ‘ಎಲ್’ ಒಂಟಿ, ಅದು ಮುಂದಕ್ಕೆ. ಆಮೇಲೆ ‘ಸಿ’, ‘ಟಿ’, ‘ಆರ್’ ಎಂಬ ಮೂರು ವ್ಯಂಜನಗಳ ಗುಂಪು. ‘ಟಿ’ ಮತ್ತು ‘ಆರ್’ ಅಗಲುವುದಿಲ್ಲ, ‘ಸಿ’ ಮತ್ತು ‘ಟಿ’ ಕೂಡುವುದಿಲ್ಲ. ಆದ್ದರಿಂದ ‘ಸಿ’ ಹಿಂದಕ್ಕೆ ಸರಿದು ಲೆಕ್ ಎಂದು ತುಂಡನ್ನು ಮುಚ್ಚುತ್ತದೆ. ಉಳಿದದ್ದು ತ್ರಿಕ್.

ಇ-ದ್ರೊ-ಎ-ಲೆಕ್-ತ್ರಿಕ್. ಬಾಯಲ್ಲಿ ಐದು ತುಂಡು.

ಬರಹದ ಲೆಕ್ಕ ಹಾಕುವ ಶಾಲೆಯ ಪಾಠದಲ್ಲಿ ಆರು ಎಂದು ಕಂಡರೆ ಗಾಬರಿ ಬೇಡ. ಅಲ್ಲಿ ಕೊನೆಯ ಮೂಕ ‘ಇ’ಯನ್ನೂ ಎಣಿಸಿ ‘ಕ್ಯೂಯುಇ’ಯನ್ನು ಆರನೆಯ ತುಂಡಾಗಿ ತೋರಿಸುತ್ತಾರೆ. ಎರಡು ಲೆಕ್ಕವೂ ಸರಿ. ಒಂದು ಕಣ್ಣಿನ ಲೆಕ್ಕ, ಇನ್ನೊಂದು ಕಿವಿಯ ಲೆಕ್ಕ. ದಕ್ಷಿಣ ಫ್ರಾನ್ಸಿನ ಅನೇಕರು ಆ ಕೊನೆಯ ‘ಇ’ಯನ್ನು ಮೆಲ್ಲಗೆ ಉಚ್ಚರಿಸುವುದೂ ಉಂಟು, ಅವರ ಬಾಯಲ್ಲಿ ಆರು ತುಂಡು ನಿಜವಾಗಿಯೇ ಕೇಳುತ್ತದೆ.

## ಒಂದು ‘ಇ’ಗೆ ಗೆರೆ, ಇನ್ನೊಂದಕ್ಕೆ ಯಾಕಿಲ್ಲ

ಕಲಿಯುವವರು ಅತಿ ಹೆಚ್ಚು ತಪ್ಪು ಬರೆಯುವ ಜಾಗ ಇದು. ಎಲೆಕ್ತ್ರಿಕ್ ಪದದಲ್ಲಿ ಮೊದಲ ‘ಇ’ಗೆ ಗೆರೆ ಇದೆ, ‘ಎಲ್’ ಆದ ಮೇಲೆ ಬರುವ ‘ಇ’ಗೆ ಇಲ್ಲ. ಎರಡರ ಉಚ್ಚಾರವೂ ಎಕಾರವೇ. ಹಾಗಾದರೆ ಯಾವುದಕ್ಕೆ ಗೆರೆ ಹಾಕಬೇಕು ಎಂದು ಹೇಗೆ ತಿಳಿಯುವುದು?

ಉತ್ತರ ಕತ್ತರಿಯಲ್ಲೇ ಇದೆ. ‘ಇ’ ತುಂಡಿನ ಕೊನೆಯಲ್ಲಿದ್ದು ಎ ಎಂದು ಉಚ್ಚಾರವಾಗಬೇಕಾದರೆ ಗೆರೆ ಬೇಕು. ತುಂಡು ವ್ಯಂಜನದಿಂದ ಮುಚ್ಚಿದ್ದರೆ ಗೆರೆ ಬೇಡ, ಮುಚ್ಚಿದ ಬಾಗಿಲೇ ‘ಇ’ಯನ್ನು ಎ ಎಂದು ಓದಿಸುತ್ತದೆ. ಮೊದಲ ಎ ಒಂಟಿ ತುಂಡು, ತೆರೆದದ್ದು, ಗೆರೆ ಬಂತು. ಲೆಕ್ ಮುಚ್ಚಿದ ತುಂಡು, ಗೆರೆ ಇಲ್ಲ. ಶಕ್ತಿ ಎಂಬ ಅರ್ಥದ ಎನೆರ್ಝಿ ಪದದಲ್ಲೂ ಇದೇ ಆಟ: ಎ-ನೆರ್-ಝಿ, ಮೊದಲನೆಯದಕ್ಕೆ ಗೆರೆ, ನೆರ್‌ಗೆ ಇಲ್ಲ.

ಈ ಸೂತ್ರದ ಬಲ ಒಂದು ಜೋಡಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಳತೆಯ ಮೀಟರಿಗೂ, ಇಡು ಎಂಬ ಕ್ರಿಯಾಪದಕ್ಕೂ ಫ್ರೆಂಚಿನಲ್ಲಿ ಉಚ್ಚಾರ ಒಂದೇ: ಮೆತ್ರ್. ಅಳತೆಯ ಮೆತ್ರ್‌ನಲ್ಲಿ ‘ಟಿ’ ಒಂದೇ. ಅದು ‘ಆರ್’ ಜೊತೆ ಮುಂದಕ್ಕೆ ಹೋಗುತ್ತದೆ, ಬರಹದಲ್ಲಿ ಮೆ ತೆರೆದ ತುಂಡಾಗಿ ಉಳಿಯುತ್ತದೆ, ಆದ್ದರಿಂದ ‘ಇ’ಗೆ ಎಡಕ್ಕೆ ಏರುವ ಗೆರೆ ಬೇಕು. ಇಡು ಎಂಬ ಮೆತ್ರ್‌ನಲ್ಲಿ ‘ಟಿ’ ಎರಡು. ಮೊದಲ ‘ಟಿ’ ಹಿಂದಕ್ಕೆ ಸರಿದು ತುಂಡನ್ನು ಮುಚ್ಚುತ್ತದೆ, ಗೆರೆ ಬೇಕಿಲ್ಲ. ಜೋಡಿ ವ್ಯಂಜನದ ಹಿಂದೆ ಗೆರೆ ಕಾಣದಿರುವುದಕ್ಕೆ ಕಾರಣ ಇದೇ. ‘ಎಕ್ಸ್’ ಹಿಂದೆಯೂ ಗೆರೆ ಬರುವುದಿಲ್ಲ, ಏಕೆಂದರೆ ಆ ಒಂದು ಅಕ್ಷರದಲ್ಲಿ ಕ್ ಮತ್ತು ಸ್ ಎಂಬ ಎರಡು ವ್ಯಂಜನಗಳಿವೆ.

ನಮ್ಮ ಪದದಲ್ಲಿ ಗೆರೆಗೆ ಇನ್ನೊಂದು ಕೆಲಸವೂ ಇದೆ. ಅದು ಬಿಟ್ಟುಹೋದರೆ ‘ಓ’ ಮತ್ತು ‘ಇ’ ಒಟ್ಟಿಗೆ ಕಂಡು, ಮೊಟ್ಟೆ ಎಂಬ ಫ್ರೆಂಚ್ ಪದದಲ್ಲಿ ಬರುವ ಬೆಸೆದ ಸ್ವರದಂತೆ ಓದುವ ಅಪಾಯವಿದೆ. ಗೆರೆ ಇರುವುದರಿಂದ ಎರಡೂ ಬೇರೆ ಎಂಬುದು ನೋಡಿದೊಡನೆ ತಿಳಿಯುತ್ತದೆ.

## ಒ ಮತ್ತು ಎ ನಡುವೆ ಯಾರೂ ಬರಬಾರದು

ಕನ್ನಡದ ನಾಲಿಗೆಗೆ ಎರಡು ಸ್ವರ ಒತ್ತೊತ್ತಿಗೆ ಬಂದರೆ ಒಗ್ಗುವುದಿಲ್ಲ. ಮನೆ, ಅನ್ನು ಸೇರಿದರೆ ಮನೆಯನ್ನು. ಗೋ, ಅನ್ನು ಸೇರಿದರೆ ಗೋವನ್ನು. ಯಕಾರವೋ ವಕಾರವೋ ನಡುವೆ ಬಂದು ಕೂರುತ್ತದೆ, ಆಗಮ ಸಂಧಿ ಎಂದು ಕಲಿತದ್ದು ಇದನ್ನೇ. ಇದು ನಮ್ಮ ಮಾತಿನಲ್ಲಿ ಎಷ್ಟು ಸಹಜವೆಂದರೆ ಫ್ರೆಂಚ್ ಮಾತಾಡುವಾಗಲೂ ಕೇಳದೆಯೇ ನುಗ್ಗುತ್ತದೆ. ಇದ್ರೊವೆಲೆಕ್ತ್ರಿಕ್ ಎಂದೋ ಇದ್ರೊಯೆಲೆಕ್ತ್ರಿಕ್ ಎಂದೋ ಆಗಿಬಿಡುತ್ತದೆ. ಜೊತೆಗೆ ಕನ್ನಡದಲ್ಲಿ ಪದದ ಆದಿಯ ಎಕಾರಕ್ಕೇ ಯಕಾರದ ಛಾಯೆ ಇರುವುದರಿಂದ (ಎಲೆ ಎಂದು ಬರೆದು ಯೆಲೆ ಎನ್ನುತ್ತೇವೆ) ತಪ್ಪು ಇಮ್ಮಡಿಯಾಗುತ್ತದೆ.

ನಮ್ಮ ವ್ಯಾಕರಣದಲ್ಲೇ ಇದಕ್ಕೆ ಮದ್ದಿದೆ. ಅಯ್ಯೋ ಇದೇನು ಎನ್ನುವಾಗ ಓ ಆದ ಮೇಲೆ ಇ ಬಂದರೂ ಸಂಧಿಯಾಗುವುದಿಲ್ಲ. ಅಯ್ಯೋವಿದೇನು ಎಂದು ಯಾರೂ ಹೇಳುವುದಿಲ್ಲ. ಪ್ರಕೃತಿಭಾವ ಎಂದರೆ ಇದು. ಫ್ರೆಂಚಿನ ದ್ರೊ-ಎ ಪ್ರಕೃತಿಭಾವದಂತೆ ನಿಲ್ಲಬೇಕು, ಆದರೆ ನಡುವೆ ಉಸಿರು ಕಡಿಯಬಾರದು. ಗಂಟಲು ಬಿಗಿಯದೆ ನಾದ ಹರಿಯುತ್ತಲೇ ಇರಲಿ. ತುಟಿ ದುಂಡಾಗಿದ್ದದ್ದು ಅಗಲವಾಗುತ್ತದೆ, ಅಷ್ಟೆ. ಕನ್ನಡಿಯ ಮುಂದೆ ಒಎ, ಒಎ ಎಂದು ಹತ್ತು ಸಲ ಹೇಳಿ ನೋಡಿ. ತುಟಿಗಳು ಒಂದಕ್ಕೊಂದು ತೀರ ಹತ್ತಿರ ಬಂದರೆ ವಕಾರ ನುಸುಳಿದೆ ಎಂದರ್ಥ.

## ಒಂದೊಂದೇ ಧ್ವನಿ

‘ಎಚ್’ ಇಲ್ಲವೇ ಇಲ್ಲ. ಪದ ಶುರುವಾಗುವುದು ಇ ಎಂಬ ಸ್ವರದಿಂದ. ‘ವೈ’ಯನ್ನು ಫ್ರೆಂಚರು ಇ ಗ್ರೆಕ್, ಅಂದರೆ ಗ್ರೀಕ್ ಇ, ಎಂದೇ ಕರೆಯುತ್ತಾರೆ. ನಮ್ಮ ಪದಕ್ಕೆ ಅದು ಬಂದದ್ದು ನೀರು ಎಂಬ ಅರ್ಥದ ಗ್ರೀಕ್ ಪದದಿಂದ. ಐ ಎಂಬ ಉಚ್ಚಾರ ಇಂಗ್ಲಿಷಿನದು, ಇಲ್ಲಿಗೆ ಸಲ್ಲದು.

‘ಡಿ’ ಮತ್ತು ‘ಟಿ’ ವಿಷಯದಲ್ಲಿ ಕನ್ನಡಿಗರ ಅದೃಷ್ಟ ದೊಡ್ಡದು. ಫ್ರೆಂಚಿನಲ್ಲಿ ಇವು ನಾಲಿಗೆ ತುದಿ ಹಲ್ಲಿಗೆ ತಾಗುವ ದ ಮತ್ತು ತ. ಇಂಗ್ಲಿಷಿನಿಂದ ಬಂದ ಎಲೆಕ್ಟ್ರಿಕ್ ಪದದ ಟಕಾರವನ್ನು ಬಿಟ್ಟು ಎಲೆಕ್ತ್ರಿಕ್ ಎಂದರೆ ಅರ್ಧ ಕೆಲಸ ಮುಗಿಯಿತು. ಮಹಾಪ್ರಾಣವೂ ಬೇಡ. ಇಂಗ್ಲಿಷರ ‘ಟಿ’, ‘ಕೆ’ಗಳಲ್ಲಿ ಬರುವ ಉಸಿರಿನ ಬುಸ್ ಫ್ರೆಂಚಿನಲ್ಲಿಲ್ಲ, ನಮ್ಮ ಅಲ್ಪಪ್ರಾಣ ತ, ಕ ಹಾಗೆಯೇ ಹೊಂದುತ್ತವೆ. ಅಂಗೈಯನ್ನು ಬಾಯಿಗೆ ನಾಲ್ಕು ಬೆರಳು ದೂರ ಹಿಡಿದರೆ ಗಾಳಿ ತಾಗಬಾರದು.

‘ಆರ್’ ಕಷ್ಟದ್ದು. ಅದು ನಾಲಿಗೆ ತುದಿಯಲ್ಲಿ ಹುಟ್ಟುವುದಿಲ್ಲ, ಕಿರುನಾಲಿಗೆಯ ಬಳಿ ಗಾಳಿ ಉಜ್ಜಿಕೊಂಡು ಹುಟ್ಟುತ್ತದೆ. ನಾಲಿಗೆ ತುದಿಯನ್ನು ಕೆಳಹಲ್ಲಿನ ಹಿಂದೆ ಒತ್ತಿಡಿ. ನಾಲಿಗೆಯ ಬುಡ ಮಾತ್ರ ಮೇಲೇಳಲಿ. ಗ ಎನ್ನಲು ಹೊರಟು, ಪೂರ್ತಿ ಮುಚ್ಚದೆ ಗಾಳಿಯನ್ನು ಬಿಡಿ. ಉರ್ದುವಿನ ಗಜಲ್ ಪದದ ಮೂಲ ಗಕಾರ ಕೇಳಿದ್ದರೆ ದ್ರೊದಲ್ಲಿನ ‘ಆರ್’ ಅದರ ತೀರ ಹತ್ತಿರ. ತ್ರಿಕ್‌ನಲ್ಲಿ ಮಾತ್ರ ಹಿಂದಿನ ತಕಾರ ಅಘೋಷವಾದ್ದರಿಂದ ‘ಆರ್’ ಕೂಡ ನಾದ ಕಳೆದುಕೊಂಡು ಖಬರ್ ಪದದ ಮೂಲ ಖಕಾರದಂತೆ ಒಣಗಾಗುತ್ತದೆ. ಬೇಗ ಬಾರದಿದ್ದರೆ ಕನ್ನಡದ ರಕಾರದಲ್ಲೇ ಹೇಳಿ, ಅರ್ಥ ಕೆಡುವುದಿಲ್ಲ. ಆದರೆ ಇಂಗ್ಲಿಷಿನ ಹಾಗೆ ನಾಲಿಗೆ ಮಡಿಸಿದ ‘ಆರ್’ ಹಾಕಿದರೆ ಪಕ್ಕದ ತ, ದ ಎರಡೂ ಟ, ಡ ಆಗಿ ಜಾರುತ್ತವೆ.

ಎರಡು ಎಕಾರಗಳೂ ತದ್ರೂಪಿಯಲ್ಲ. ಗೆರೆಯುಳ್ಳದ್ದು ಬಿಗಿ, ಪೇಟೆ ಪದದ ಏಕಾರವನ್ನು ಗಿಡ್ಡ ಮಾಡಿದಂತೆ. ಲೆಕ್‌ನದು ಸ್ವಲ್ಪ ಸಡಿಲ. ಪೇಟೆ ಎನ್ನುವುದಕ್ಕೂ ಹಳ್ಳಿಯಲ್ಲಿ ಪ್ಯಾಟೆ ಎನ್ನುವುದಕ್ಕೂ ನಡುವೆ ಬಾಯಿ ನಿಂತರೆ ಸರಿಯಾಗುತ್ತದೆ.

ಕೊನೆಯ ಕ್ ಸ್ಪಷ್ಟವಾಗಿ ಬಿಡುಗಡೆಯಾಗಬೇಕು. ನಮ್ಮ ಅಭ್ಯಾಸದ ಉಕಾರ ಮಾತ್ರ ಅಂಟಬಾರದು. ತ್ರಿಕ್ಕು ಎಂದರೆ ಒಂದು ತುಂಡು ಹೆಚ್ಚಾಯಿತು.

## ವಾಕ್ಯದೊಳಗೆ ಸೇರಿದಾಗ

ಪದ ಒಂಟಿಯಾಗಿ ಬರುವುದು ಕಡಿಮೆ. ಮೊದಲ ‘ಎಚ್’ ಮೂಕವಾದ್ದರಿಂದ ಹಿಂದಿನ ಪದದ ಕೊನೆಯ ವ್ಯಂಜನ ನೇರವಾಗಿ ಇ ಮೇಲೆ ಬಂದು ಕೂರುತ್ತದೆ. ಸಾಂತ್ರಾಲ್ ಇದ್ರೊಎಲೆಕ್ತ್ರಿಕ್ ಎಂಬುದು ಬಾಯಲ್ಲಿ ಸಾಂ-ತ್ರಾ-ಲಿ-ದ್ರೊ-ಎ-ಲೆಕ್-ತ್ರಿಕ್ ಆಗುತ್ತದೆ. ಪದಗಳ ಗಡಿ ಅಳಿಸಿಹೋಗಿ ಲಿ ಎಂಬ ಹೊಸ ತುಂಡು ಹುಟ್ಟುತ್ತದೆ. ಕೇಳುವಾಗ ಪದ ಸಿಕ್ಕಲಿಲ್ಲ ಎಂದು ಒದ್ದಾಡುವವರಿಗೆ ಬಹುಪಾಲು ತಡೆ ಇದೇ. (ಸಾಂ ಎಂಬಲ್ಲಿ ಸೊನ್ನೆ ಮೂಗಿನ ಸ್ವರವನ್ನು ಸೂಚಿಸುತ್ತದೆ. ಸಾನ್ ಎಂದು ನಕಾರ ತರಬೇಡಿ.)

ಅಣೆಕಟ್ಟಿಗೆ ಫ್ರೆಂಚಿನಲ್ಲಿ ಬಾರಾಝ್. ಹಿಪ್ಪರಗಿ ಬ್ಯಾರೇಜ್ ಎನ್ನುವಾಗ ನಾವು ಬಳಸುವ ಪದ ಇಂಗ್ಲಿಷಿನ ಮೂಲಕ ಬಂದ ಇದೇ ಫ್ರೆಂಚ್ ಪದ. ಬಾರಾಝ್ ಇದ್ರೊಎಲೆಕ್ತ್ರಿಕ್ ಎಂಬಲ್ಲೂ ಝಿ ಎಂದು ಬೆಸುಗೆಯಾಗುತ್ತದೆ. ಈ ಝ ನಮ್ಮ ಮಹಾಪ್ರಾಣ ಝ ಅಲ್ಲ, ಶಕಾರಕ್ಕೆ ನಾದ ಕೊಟ್ಟ ಧ್ವನಿ.

ಎಲ್ಲ ‘ಎಚ್’ಗಳೂ ಹೀಗೆ ದಾರಿ ಬಿಡುವುದಿಲ್ಲ. ಹೈಟೆನ್ಶನ್ ಲೈನಿನ ಹೈ ಎಂಬುದಕ್ಕೆ ಫ್ರೆಂಚಿನಲ್ಲಿ ಓತ್. ಅದರ ‘ಎಚ್’ ಕೂಡ ಮೂಕವೇ, ಆದರೆ ಬಾಗಿಲು ಹಾಕಿಕೊಂಡ ಮೂಕ: ಲಾ ಓತ್ ತಾಂಸ್ಯೋಂ ಎನ್ನಬೇಕು, ಲೋತ್ ಎಂದು ಬೆಸೆಯುವಂತಿಲ್ಲ. 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಅರಿಸ್ತೀದ್ ಬೆರ್ಝೆಸ್ ಎಂಬ ಎಂಜಿನಿಯರ್ ಜಲಶಕ್ತಿಗೆ ಉಯ್ ಬ್ಲಾಂಶ್, ಅಂದರೆ ಬಿಳಿ ಕಲ್ಲಿದ್ದಲು, ಎಂಬ ಹೆಸರನ್ನು ಜನಪ್ರಿಯಗೊಳಿಸಿದರು. ಆ ಉಯ್ ಬ್ಲಾಂಶ್‌ನ ‘ಎಚ್’ ಸಹ ಇದೇ ಜಾತಿ. ನಿಘಂಟುಗಳಲ್ಲಿ ಇಂಥ ಪದಗಳಿಗೆ ನಕ್ಷತ್ರದಂಥ ಗುರುತು ಹಾಕಿರುವುದುಂಟು. ಇದ್ರೊ ಎಂದು ಶುರುವಾಗುವ ಪದಗಳಲ್ಲಿ ಈ ಭಯವಿಲ್ಲ, ಅವೆಲ್ಲ ಬೆಸೆದುಕೊಳ್ಳುತ್ತವೆ.

ಒತ್ತು ಎಲ್ಲಿ? ಇಂಗ್ಲಿಷಿನಲ್ಲಿ ಲೆಕ್ ಮೇಲೆ ಬೀಳುತ್ತದೆ. ಫ್ರೆಂಚಿನಲ್ಲಿ ಎಲ್ಲ ತುಂಡುಗಳೂ ಸಮ, ಪದಗುಚ್ಛದ ಕಟ್ಟಕಡೆಯ ತುಂಡು ಮಾತ್ರ ತುಸು ಉದ್ದ. ಇಲ್ಲಿ ಅದು ತ್ರಿಕ್.

## ಸಾಲಿನ ಕೊನೆಯಲ್ಲಿ ಪದ ಮುರಿಯಬೇಕಾದರೆ

ಮುದ್ರಣದಲ್ಲಿ ಪದ ಸಾಲಿನಲ್ಲಿ ಹಿಡಿಸದಿದ್ದರೆ ಅಡ್ಡಗೆರೆ ಹಾಕಿ ಒಡೆಯುತ್ತಾರೆ. ಫ್ರೆಂಚಿನ ಸಾಮಾನ್ಯ ನಿಯಮದಂತೆ ಎರಡು ಸ್ವರಗಳ ನಡುವೆ ಒಡೆಯಬಾರದು. ಆದರೆ ಕೂಡುಪದದ ಕೀಲಿನಲ್ಲಿ ಒಡೆಯುವುದಕ್ಕೆ ಒಪ್ಪಿಗೆಯಿದೆ, ಆದ್ದರಿಂದ ಇದ್ರೊ ಎಂದು ನಿಲ್ಲಿಸಿ ಎಲೆಕ್ತ್ರಿಕ್ ಅನ್ನು ಕೆಳಗಿಳಿಸಬಹುದು. ಲೆಕ್ ಮತ್ತು ತ್ರಿಕ್ ನಡುವೆಯೂ ಒಡೆಯಬಹುದು. ಕೊನೆಯ ‘ಕ್ಯೂಯುಇ’ ಒಂದನ್ನೇ ಮುಂದಿನ ಸಾಲಿಗೆ ತಳ್ಳುವುದನ್ನು ಒಳ್ಳೆಯ ಮುದ್ರಣದಲ್ಲಿ ತಪ್ಪಿಸುತ್ತಾರೆ.

## ಅಭ್ಯಾಸ ಹಿಂದಿನಿಂದ ಮುಂದಕ್ಕೆ

ಉದ್ದ ಪದವನ್ನು ಮೊದಲಿನಿಂದ ಹೇಳುತ್ತ ಹೋದರೆ ನಡುವಿನಲ್ಲಿ ಎಡವಿ, ಕೊನೆಯನ್ನು ನುಂಗಿಬಿಡುತ್ತೇವೆ. ಫ್ರೆಂಚಿನಲ್ಲಿ ಗಟ್ಟಿಯಾಗಿ ನಿಲ್ಲಬೇಕಾದದ್ದು ಕೊನೆ. ಆದ್ದರಿಂದ ಕೊನೆಯಿಂದ ಕಟ್ಟಿ.

ತ್ರಿಕ್.
ಲೆಕ್-ತ್ರಿಕ್.
ಎ-ಲೆಕ್-ತ್ರಿಕ್.
ದ್ರೊ-ಎ-ಲೆಕ್-ತ್ರಿಕ್.
ಇ-ದ್ರೊ-ಎ-ಲೆಕ್-ತ್ರಿಕ್.

ಪ್ರತಿ ಸಾಲನ್ನೂ ಮೂರು ಸಲ, ಮೇಜಿನ ಮೇಲೆ ಬೆರಳು ತಟ್ಟುತ್ತ. ಕೊನೆಯ ಸಾಲಿಗೆ ತಟ್ಟು ಐದೇ ಇರಬೇಕು. ಆರು ಬಂದರೆ ಕೊನೆಗೆ ಉಕಾರ ಸೇರಿದೆ. ನಾಲ್ಕೇ ಆದರೆ ಒ ಮತ್ತು ಎ ಕರಗಿ ಒಂದಾಗಿವೆ. ಆಮೇಲೆ ವೇಗ ಹೆಚ್ಚಿಸಿ, ಇಡೀ ಪದ ಸುಮಾರು ಒಂದು ಸೆಕೆಂಡಿನಲ್ಲಿ ಮುಗಿಯಲಿ. ಮೊಬೈಲಿನಲ್ಲಿ ಧ್ವನಿ ಹಿಡಿದು ಕೇಳಿದರೆ ಯಕಾರ, ವಕಾರ ನುಸುಳಿದ್ದು ತಕ್ಷಣ ಗೊತ್ತಾಗುತ್ತದೆ, ಹೇಳುವಾಗ ಗೊತ್ತಾಗುವುದಿಲ್ಲ. ಪದ ಕೂತ ಮೇಲೆ ನಮ್ಮದೇ ವಾಕ್ಯ ಕಟ್ಟಿ: ಲಾ ಸಾಂತ್ರಾಲ್ ಇದ್ರೊಎಲೆಕ್ತ್ರಿಕ್ ದ ಶಿವನಸಮುದ್ರ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ಆ ಆಗಾರದ ಬಗ್ಗೆ ನಾಲ್ಕು ಮಾತು ಹೇಳಲು ಬಂದರೆ ಮೌಖಿಕ ಪರೀಕ್ಷೆಗೂ ಒಂದು ವಿಷಯ ಸಿದ್ಧವಾದಂತೆ.

## ಕೆಬೆಕ್‌ನಲ್ಲಿ ಕೇಳುವುದು

ಕೆನಡಾದ ಫ್ರೆಂಚ್ ಪ್ರಾಂತ್ಯವಾದ ಕೆಬೆಕ್‌ನಲ್ಲಿ ಈ ಪದ ದಿನಬಳಕೆಯದು. ಅಲ್ಲಿನ ವಿದ್ಯುತ್ ಸಂಸ್ಥೆಯ ಹೆಸರೇ ಇದ್ರೊ-ಕೆಬೆಕ್, 1944ರಲ್ಲಿ ಸ್ಥಾಪನೆಯಾದದ್ದು. ಲಾ ಗ್ರಾಂದ್ ನದಿಯ ಮೇಲಿನ ಅದರ ರೋಬೇರ್-ಬುರಾಸ್ಸಾ ಆಗಾರದ ಸಾಮರ್ಥ್ಯ 5,616 ಮೆಗಾವ್ಯಾಟ್. ಕರೆಂಟ್ ಬಿಲ್ಲನ್ನು ಜನ ಕೋಂತ್ ದಿದ್ರೊ ಎನ್ನುತ್ತಾರೆ, ‘ಎಚ್’ ಮೂಕವಾದ್ದರಿಂದಲೇ ದ ಮತ್ತು ಇ ಬೆಸೆದು ದಿ ಆದದ್ದು.

ಅಲ್ಲಿನ ಉಚ್ಚಾರದಲ್ಲಿ ಒಂದು ವ್ಯತ್ಯಾಸ ಗಮನಿಸಿ. ಮುಚ್ಚಿದ ಕೊನೆಯ ತುಂಡಿನ ಇ ಸಡಿಲವಾಗುತ್ತದೆ. ಪ್ಯಾರಿಸಿನವರ ತ್ರಿಕ್‌ನಲ್ಲಿ ತುಟಿ ಬಿಗಿದು ನಮ್ಮ ಈಕಾರದ ಗುಣ ಬರುತ್ತದೆ, ಉದ್ದ ಮಾತ್ರ ಇರುವುದಿಲ್ಲ. ಕೆಬೆಕ್‌ನವರದು ಕನ್ನಡಿಗರ ಸಹಜ ಹ್ರಸ್ವ ಇಕಾರಕ್ಕೇ ಹತ್ತಿರ. ಇ ಮುಂದೆ ಬಂದಾಗ ದ, ತಗಳನ್ನು ದ್ಜ಼, ತ್ಸ ಎಂದು ಉಚ್ಚರಿಸುವುದೂ ಕೆಬೆಕ್‌ನ ಗುರುತು. ನಮ್ಮ ಪದದಲ್ಲಿ ಎರಡು ಕಡೆಯೂ ನಡುವೆ ‘ಆರ್’ ಅಡ್ಡ ಇರುವುದರಿಂದ ಆ ಬದಲಾವಣೆ ಆಗುವುದಿಲ್ಲ. ಮಾಂಟ್ರಿಯಲ್ ಸುತ್ತಿನ ಹಳೆಯ ತಲೆಮಾರಿನವರಲ್ಲಿ ನಾಲಿಗೆ ತುದಿಯ ರಕಾರವೂ ಇತ್ತು, ಹಾಗಾಗಿ ನಮ್ಮ ರಕಾರ ಅಲ್ಲಿನ ಕಿವಿಗೆ ತೀರ ಹೊಸದಲ್ಲ.

## ಅದೇ ಕತ್ತರಿ, ಬೇರೆ ಪದಗಳು

ಜಲಚಾಲಿತ ಎಂಬರ್ಥದ ಇದ್ರೊಲಿಕ್‌ನಲ್ಲಿ ತುಂಡು ಮೂರೇ, ಏಕೆಂದರೆ ‘ಎ’ ಮತ್ತು ‘ಯು’ ಸೇರಿ ಒಂದೇ ಒ: ಇ-ದ್ರೊ-ಲಿಕ್. ಶಾಖವಿದ್ಯುತ್ತಿನ ಗುಣವಾಚಕದಲ್ಲಿ ‘ಟಿಎಚ್’ ಬರೀ ತ, ಮಹಾಪ್ರಾಣವಲ್ಲ: ತೆರ್-ಮೊ-ಎ-ಲೆಕ್-ತ್ರಿಕ್. ಸೌರಫಲಕದ ಫೊ-ತೊ-ವೊಲ್-ತಾ-ಇಕ್ ಪದದಲ್ಲಿ ‘ಐ’ ಮೇಲೆ ಎರಡು ಚುಕ್ಕೆ ಇರುತ್ತದೆ. ಆ ಚುಕ್ಕೆಗಳಿಲ್ಲದಿದ್ದರೆ ‘ಎ’ ಮತ್ತು ‘ಐ’ ಕೂಡಿ ಎ ಆಗಿಬಿಡುತ್ತಿದ್ದವು.

ವಿದ್ಯುತ್ಕಾಂತೀಯ ಎಂಬುದಕ್ಕೆ ಎ-ಲೆಕ್-ತ್ರೊ-ಮಾ-ಞೆ-ತಿಕ್. ‘ಜಿ’ ಮತ್ತು ‘ಎನ್’ ಸೇರಿ ಒಂದೇ ಧ್ವನಿ, ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತಿರುವ ಞಕಾರ. ಮ್ಯಾಗ್ನೆಟ್ ಎಂದು ಗ್, ನ್ ಬಿಡಿಸಿ ಹೇಳುವ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಆದರೆ ರೋಗನಿರ್ಣಯಕ್ಕೆ ಸಂಬಂಧಿಸಿದ ದ್ಯಾಗ್-ನೊಸ್-ತಿಕ್ ಪದದಲ್ಲಿ ಅದೇ ‘ಜಿ’, ‘ಎನ್’ ಬೇರೆಯಾಗಿಯೇ ನಿಲ್ಲುತ್ತವೆ. ಇಂಥವು ಕೆಲವೇ ಕೆಲವು, ನಿಘಂಟಿನಲ್ಲಿ ನೋಡಿ ಒಂದೊಂದಾಗಿ ಗುರುತು ಹಾಕಿಟ್ಟುಕೊಳ್ಳಬೇಕು.